ಕೀಲಿಕೈ ಯಾರ ಕೈಯಲ್ಲಿ?

ಮನೆಯವರೆಲ್ಲರೂ ಶಿರಸಿಯ ಮಾರಿಕಾಂಬೆಯ ಜಾತ್ರೆಗೆ ಹೊರಟಾಗ ಬಾಗಿಲಿಗೆ ಕೀಲಿ ಹಾಕಿ, ಕೀಲಿಕೈಯನ್ನು ನೆರೆಮನೆಯ ಹಿರಿಯರ ವಶಕ್ಕೆ ಕೊಡುವ ರೂಢಿಯು ನಮ್ಮ ಮುಂಡಗೋಡದ ಸೀಮೆಯಲ್ಲಿ ಹಳೆಯದು. ದನಕರುಗಳಿಗೆ ಹುಲ್ಲು ಹಾಕುವದಕ್ಕೆ, ದೇವರ ಮುಂದೆ ದೀಪ ಹಚ್ಚುವದಕ್ಕೆ ಎಂದು ಹೇಳಿ ಕೊಡುತ್ತಿದ್ದರಾದರೂ ಅದರ ಒಳ ಅರ್ಥವು ಬೇರೆಯಿದ್ದಿತು. ನಾವಿಲ್ಲದಾಗ ಏನಾದರೊಂದು ಆಪತ್ತು ಒದಗಿದರೆ ಒಳಹೊಗುವ ಹಕ್ಕನ್ನು ನಿಮಗೆ ಕೊಟ್ಟಿದ್ದೇವೆಂಬದೇ ಆ ಅರ್ಥ. ಕೀಲಿಯು ಕಳ್ಳನನ್ನು ತಡೆಯುವ ಸಾಧನವು. ಆದರೆ ಬೆಂಕಿ ಬಿದ್ದ ಗಳಿಗೆಯಲ್ಲಿ ಅದು ನಂಟನನ್ನೂ ತಡೆಯುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ಮನುಷ್ಯರು ಕಂಡುಕೊಂಡ ಹಾದಿಗಳ ಇತಿಹಾಸವನ್ನು ಸಂಕ್ಷೇಪವಾಗಿ ವಾಚಕರ ಮುಂದಿಡುವದು ಈ ಲೇಖದ ಉದ್ದೇಶವಾಗಿರುತ್ತದೆ.

ಬೆಂಕಿಯಿಂದ ನಾವು ಮೊದಲು ಕಲಿತ ಪಾಠವು ಕಟ್ಟುವ ಸಾಮಗ್ರಿಗೆ ಸಂಬಂಧಿಸಿದ್ದು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂಭ್ರಮದ ದಿನಗಳಲ್ಲಿಯೇ ಮೈಸೂರಿನ ಮರದ ಅರಮನೆಯು ಸುಟ್ಟುಹೋಯಿತು. ಅದರ ಸ್ಥಳದಲ್ಲಿ ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ಯೋಜನೆಯಂತೆ ಎದ್ದು 1912ರಲ್ಲಿ ಪೂರ್ಣಗೊಂಡ ಹೊಸ ಅರಮನೆಯಲ್ಲಿ ಕಲ್ಲು, ಇಟ್ಟಿಗೆ, ಕಬ್ಬಿಣಗಳಿಗೆ ಪ್ರಾಧಾನ್ಯ ದೊರೆಯಿತು. ಮರದ ಬದಲು ಕಲ್ಲು ಎಂಬ ಪಾಠವು ಹೀಗೆ ಬೇಗನೆ ಮನದಟ್ಟಾಯಿತು. ಆದರೆ ಬಾಗಿಲಿನ ಪಾಠವನ್ನು ಕಲಿಯುವದಕ್ಕೆ ಲೋಕಕ್ಕೆ ಬಹುಕಾಲ ಹಿಡಿಯಿತು.

ಅಮೇರಿಕೆಯ ಬಾಸ್ಟನ್ ನಗರದಲ್ಲಿ 1852ರಲ್ಲಿ ತಂತಿಯ ಮೂಲಕ ಬೆಂಕಿಯ ಸುದ್ದಿಯನ್ನು ಮುಟ್ಟಿಸುವ ಪೆಟ್ಟಿಗೆಗಳನ್ನು ಬೀದಿಗಳಲ್ಲಿ ನೆಟ್ಟರು. ಹುಡುಗಾಟಿಕೆಗೆ ಯಾರೂ ಅದನ್ನು ತಿರುವಬಾರದೆಂದು ಇಂಥ ಪೆಟ್ಟಿಗೆಗಳಿಗೆ ಕೀಲಿ ಹಾಕಿ, ಕೀಲಿಕೈಗಳನ್ನು ಪೋಲೀಸರ ಬಳಿಯಲ್ಲಿಯೂ ನೆರೆಹೊರೆಯ ನಂಬಿಗಸ್ತರ ಬಳಿಯಲ್ಲಿಯೂ ಇಡುವ ಪದ್ಧತಿಯು ಅಲ್ಲಿಯ ನಗರಗಳಲ್ಲಿ ಬೆಳೆಯಿತು. 1871ರ ಅಕ್ಟೋಬರ 8ರ ರಾತ್ರಿ ಶಿಕಾಗೊ ನಗರದಲ್ಲಿ ಬೆಂಕಿ ಹೊತ್ತಿಕೊಂಡಾಗ ವಿಲಿಯಂ ಲೀ ಎಂಬವನು ಓಡುತ್ತ ಗಾಲ್ ಎಂಬವನ ಔಷಧದಂಗಡಿಗೆ ಹೋಗಿ ಕೀಲಿಕೈಯನ್ನು ಕೇಳಿದನು. ಬಂಬು ಆಗಲೇ ಹೋಗಿದೆಯೆಂದು ಹೇಳಿ ಗಾಲನು ಕೊಡಲಿಲ್ಲವೆಂಬದು ಲೀಯ ಹೇಳಿಕೆ. ತಾನೇ ಪೆಟ್ಟಿಗೆಯನ್ನು ತಿರುವಿದೆನೆಂಬದು ಗಾಲನ ಹೇಳಿಕೆ. ಇಬ್ಬರಲ್ಲಿ ಯಾರದು ನಿಜವಾದರೂ ಆ ಪೆಟ್ಟಿಗೆಯಿಂದ ಕೇಂದ್ರಕ್ಕೆ ಕರೆ ಮುಟ್ಟಲಿಲ್ಲ. ಸುಮಾರು 300 ಜನರು ಸತ್ತು, ಒಂದು ಲಕ್ಷದಷ್ಟು ಜನರು ಮನೆಯಿಲ್ಲದವರಾದರು.

ಇದಕ್ಕಿಂತ ದಾರುಣವಾದದ್ದು 1911ರ ಮಾರ್ಚ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಎಂಬ ಉಡುಪಿನ ಕಾರಖಾನೆಯಲ್ಲಿ ನಡೆದ ಸಂಗತಿ. ಕೆಲಸಗಾರರು ಬಟ್ಟೆ ಕದ್ದೊಯ್ಯಬಾರದೆಂದು ಒಂಬತ್ತನೆಯ ಅಂತಸ್ತಿನ ಮೆಟ್ಟಿಲ ಬಾಗಿಲೊಂದಕ್ಕೆ ಕೀಲಿ ಹಾಕಿದ್ದರು. ಬೆಂಕಿ ಎದ್ದಾಗ ಕೀಲಿಕೈಯಿದ್ದ ಮೇಲ್ವಿಚಾರಕನು ಬೇರೆ ದಾರಿಯಿಂದ ಪಾರಾಗಿದ್ದನು; ಬಾಗಿಲು ಮಾತ್ರ ಹಾಗೆಯೇ ಉಳಿಯಿತು. 146 ಜನರು ಸತ್ತರು. ಅವರಲ್ಲಿ ಬಹುಮಂದಿ ಎಳೆಯ ಪ್ರಾಯದ ಹೆಣ್ಣುಮಕ್ಕಳು. ಕೀಲಿಕೈಯು ಒಬ್ಬನ ಜೇಬಿನಲ್ಲಿದ್ದರೆ, ಆ ಒಬ್ಬನು ಇಲ್ಲದಾಗ ಅದು ಇದ್ದೂ ಇಲ್ಲದಂತೆಯೇ.

ಒಳಗಿರುವವರು ಹೊರಬರುವದಕ್ಕೆ ಕೀಲಿಕೈಯೇ ಬೇಡದಂತೆ, ಮೈಯಿಂದ ನೂಕಿದರೆ ತೆರೆಯುವ ಅಡ್ಡಪಟ್ಟಿಯ ಬಾಗಿಲುಗಳು ಬಂದವು. ಹೊರಗಿನಿಂದ ಬರುವ ಅಗ್ನಿಶಾಮಕರ ತೊಡಕಿಗೆ ಬೇರೊಂದು ಉಪಾಯ ಬೇಕಾಯಿತು. 1975ರಲ್ಲಿ ಅಮೇರಿಕೆಯಲ್ಲಿ ಆರಂಭವಾದ ನಾಕ್ಸ್ ಎಂಬ ಕಂಪನಿಯು ರೂಢಿಗೆ ತಂದ ಕೀಲಿಕೈ ಪೆಟ್ಟಿಗೆಯು ಅಂಥದು. ಕಟ್ಟಡದ ಹೆಬ್ಬಾಗಿಲ ಬಳಿ ದಪ್ಪ ಉಕ್ಕಿನ ಚಿಕ್ಕ ಪೆಟ್ಟಿಗೆಯೊಂದನ್ನು ಗೋಡೆಗೆ ಭದ್ರವಾಗಿ ಕೂಡಿಸುತ್ತಾರೆ. ಕಟ್ಟಡದ ಕೀಲಿಕೈಗಳು ಅದರೊಳಗೆ ಇರುತ್ತವೆ. ಊರಿನ ಇಂಥ ಪೆಟ್ಟಿಗೆಗಳೆಲ್ಲವನ್ನೂ ತೆರೆಯುವ ಒಂದೇ ಬಗೆಯ ಕೀಲಿಕೈಯು ಅಗ್ನಿಶಾಮಕ ದಳದ ಬಳಿ ಮಾತ್ರ ಇರುವದು. ಜರ್ಮನಿಯಲ್ಲಿ ಇನ್ನೂ ಒಂದು ಎಚ್ಚರವನ್ನು ಕೂಡಿಸಿದ್ದಾರೆ: ಬೆಂಕಿಯ ಎಚ್ಚರಿಕೆಯ ಯಂತ್ರವು ಕರೆ ಕೊಟ್ಟ ಹೊರತು ಪೆಟ್ಟಿಗೆಯ ಹೊರಬಾಗಿಲೇ ತೆರೆಯುವದಿಲ್ಲ.

ಒಂದು ಕೀಲಿಕೈ ಕಳ್ಳನ ಕೈಸೇರಿದರೆ ಊರೆಲ್ಲ ತೆರೆದಂತಾಗಲಿಲ್ಲವೇ ಎಂದು ವಾಚಕರು ಕೇಳಬಹುದು. ಈ ಆಕ್ಷೇಪಣೆಯು ಹುರುಳಿಲ್ಲದ್ದಲ್ಲ. ಆದುದರಿಂದಲೇ ಆ ಕೀಲಿಕೈಯನ್ನು ಬಂಡಿಯೊಳಗೆ ಬಂಧಿಸಿಟ್ಟು, ಗುಪ್ತ ಸಂಖ್ಯೆಯಿಂದ ಮಾತ್ರ ಬಿಡಿಸಿಕೊಳ್ಳುವಂತೆಯೂ, ಯಾರು ಯಾವಾಗ ತೆಗೆದರೆಂಬದು ದಾಖಲಾಗುವಂತೆಯೂ ಏರ್ಪಾಡು ಮಾಡಿದ್ದಾರೆ. ನಮ್ಮ ಸರಕಾರೀ ಖಜಾನೆಗಳಲ್ಲಿ ಒಬ್ಬನನ್ನೇ ನಂಬದೆ ಇಬ್ಬರ ಬಳಿ ಬೇರೆ ಬೇರೆ ಕೀಲಿಕೈಗಳನ್ನಿಡುವ ಜೋಡು ಕೀಲಿಯ ಪದ್ಧತಿಯ ಹಿಂದಿರುವದೂ ಇದೇ ವಿವೇಕ. ನಂಬಿಕೆಗೆ ಲೆಕ್ಕವಿಡುವದು ಅಪನಂಬಿಕೆಯಲ್ಲ. ಅದು ನಂಬಿಕೆಗೆ ಹಾಕಿದ ಬೇಲಿ.

ಕರ್ನಾಟಕದ 1964ರ ಅಗ್ನಿಶಾಮಕ ದಳದ ಶಾಸನವು ಬೆಂಕಿಯನ್ನು ಆರಿಸಲು ಬಾಗಿಲು ಒಡೆದು ಒಳಹೊಗುವ ಅಧಿಕಾರವನ್ನು ಆ ದಳಕ್ಕೆ ಕೊಟ್ಟಿದೆ. ಅಧಿಕಾರವಿದ್ದರೂ ಒಡೆಯುವದಕ್ಕೆ ಹೊತ್ತು ಬೇಕು. ಹೊಗೆಯು ಆ ಹೊತ್ತನ್ನು ಕೊಡುವದಿಲ್ಲ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ವಿದ್ಯುತ್ತಿನ ತಂತಿಗಳ ಕೊಳವೆಯಿಂದೆದ್ದ ಹೊಗೆಯು ಮೇಲಿನ ಅಂತಸ್ತುಗಳನ್ನು ತುಂಬಿತು. ಆಪತ್ತಿನ ಬಾಗಿಲುಗಳಿಗೆ ಕೀಲಿಯಿದ್ದಿತೆಂದು ಆಗ ವರದಿಯಾಯಿತು. ಉಸಿರುಗಟ್ಟಿದವರು ಕಿಟಕಿಗಳನ್ನೊಡೆದು ಕೆಳಗೆ ಹಾರಿದರು. 9 ಜನರು ಪ್ರಾಣ ಕಳಕೊಂಡರು. ನ್ಯೂಯಾರ್ಕಿನ ಆ ಶನಿವಾರಕ್ಕೂ ಬೆಂಗಳೂರಿನ ಈ ಮಂಗಳವಾರಕ್ಕೂ ನಡುವೆ ಸುಮಾರು 99 ವರ್ಷಗಳು ಸಂದಿದ್ದವು. ಹೊರಗೆ ಗೋಡೆಯ ಮೇಲಿನ ಪೆಟ್ಟಿಗೆಯು ಎಷ್ಟೇ ಭದ್ರವಾಗಿರಲಿ, ಒಳಗಿನವರ ದಾರಿಗೆ ಕೀಲಿ ಹಾಕಿದ ಪಾಪವನ್ನು ಅದು ತೊಳೆಯಲಾರದು. ಇವೆರಡೂ ಬೇರೆ ಬೇರೆ ಕರ್ತವ್ಯಗಳೆಂಬದನ್ನು ಮರೆಯಬಾರದು.

ದೂರದ ಮಹಾನಗರಗಳ ಈ ಮಾತು ಕಾಡಿನಂಚಿನ ನಮ್ಮ ತಾಲೂಕಿಗೇಕೆಂದು ಕೇಳುವಂತಿಲ್ಲ. 1966ರಲ್ಲಿ ಟಿಬೆಟಿನ ನಿರಾಶ್ರಿತರ ವಸತಿಯು ಮುಂಡಗೋಡದಲ್ಲಿ ಏರ್ಪಟ್ಟ ಬಳಿಕ ಗಾಂದೆನ್, ದ್ರೆಪುಂಗ್ ಎಂಬ ಮಹಾಮಠಗಳು ಇಲ್ಲಿ ಮರಳಿ ನೆಲೆಗೊಂಡವು. ಸಾವಿರಾರು ಭಿಕ್ಷುಗಳು ದೊಡ್ಡ ವಸತಿಗೃಹಗಳಲ್ಲಿ ಇರುತ್ತಾರೆ, ದೀಪಗಳು ಅಲ್ಲಿಯ ಪೂಜೆಯ ಅಂಗವಾಗಿವೆ. ಶಾಲೆಗಳು, ವಿದ್ಯಾರ್ಥಿನಿಲಯಗಳು, ಉಗ್ರಾಣಗಳು ಪೇಟೆಯಲ್ಲಿಯೂ ಇವೆ. ಹಳ್ಳಿಯಿಂದ ಹಳ್ಳಿಗೆ ದಾರಿ ಉದ್ದವಾದ ಈ ಸೀಮೆಯಲ್ಲಿ ರಸ್ತೆಯ ಮೇಲೆ ಕಳೆಯುವ ನಿಮಿಷಗಳನ್ನು ನಾವು ತಪ್ಪಿಸಲಾರೆವು. ಬಾಗಿಲ ಮುಂದೆ ಕಾವಲುಗಾರನನ್ನು ಹುಡುಕುತ್ತ ಕಳೆಯುವ ನಿಮಿಷಗಳನ್ನಾದರೂ ಉಳಿಸಬಹುದು.

ಜಾತ್ರೆಗೆ ಹೋಗುವಾಗ ನಮ್ಮ ಹಿರಿಯರು ಕೀಲಿಕೈಯನ್ನು ಕೊಟ್ಟುಹೋದದ್ದು ತಮ್ಮ ಮನೆಯು ಅಗ್ಗವೆಂದಲ್ಲ; ಅದು ಅಮೂಲ್ಯವೆಂದೇ. ಗೋಡೆಯ ಮೇಲಿನ ಆ ಉಕ್ಕಿನ ಪೆಟ್ಟಿಗೆಯು ಪರದೇಶದ ವಸ್ತುವಾಗಿರಬಹುದು, ಅದರೊಳಗಿನ ವಿಚಾರವು ನಮ್ಮ ನೆರೆಮನೆಯದೇ.