ರೇಡಿಯೊ ರಿಪೇರಿ ಅಂಗಡಿಯಿಂದ ಹೊರಟ ಗಿಟಾರು: ಫೆಂಡರ್ ಕಂಪನಿಯ ಚರಿತ್ರೆಯ ಮರುಓದು

ಎಲೆಕ್ಟ್ರಿಕ್ ಗಿಟಾರನ್ನು ಕಂಡುಹಿಡಿದವರು ಯಾರು ಎಂದು ಕೇಳಿದರೆ ಜನಪ್ರಿಯ ಬರಹಗಳು ತಟ್ಟನೆ ಲಿಯೋ ಫೆಂಡರ್ ಅವರ ಹೆಸರು ಹೇಳಿಬಿಡುತ್ತವೆ. ದಾಖಲೆಗಳು ಇದನ್ನು ಒಪ್ಪುವುದಿಲ್ಲ. ಉಕ್ಕಿನ ತಂತಿಯ ಕಂಪನವನ್ನು ಅಯಸ್ಕಾಂತ ಮತ್ತು ತಾಮ್ರದ ಸುರುಳಿಯ ಮೂಲಕ ವಿದ್ಯುತ್ತಾಗಿ ಬದಲಿಸುವ ಪಿಕಪ್ಪನ್ನು ಜಾರ್ಜ್ ಬೀಚಮ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಲಾಸ್ ಏಂಜಲೀಸ್‌ನಲ್ಲಿ 1930ರ ದಶಕದ ಆರಂಭದಲ್ಲೇ ಮಾರುಕಟ್ಟೆಗೆ ತಂದಿದ್ದರು. 1937ರಲ್ಲಿ ಅದಕ್ಕೆ ಪೇಟೆಂಟೂ ದೊರಕಿತು. ಆ ಪಿಕಪ್ ಇದ್ದದ್ದು ತೊಡೆಯ ಮೇಲಿಟ್ಟು ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ಹವಾಯಿಯನ್ ಗಿಟಾರಿನಲ್ಲಿ. ಪೊಳ್ಳಿಲ್ಲದ ಒಡಲಿನ, ನಿಂತು ನುಡಿಸುವ ಗಿಟಾರನ್ನು ಪಾಲ್ ಬಿಗ್ಸ್‌ಬಿ 1948ರಲ್ಲಿ ಗಾಯಕ ಮೆರ್ಲ್ ಟ್ರಾವಿಸ್ ಅವರಿಗೆ ಮಾಡಿಕೊಟ್ಟಿದ್ದರು. ಎಲೆಕ್ಟ್ರಿಕ್ ಬಾಸ್ ಕೂಡ ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ ಅವರ ಕೈಯಲ್ಲಿ 1930ರ ದಶಕದಲ್ಲಿ ತಯಾರಾಗಿ, ಹೆಚ್ಚು ಮಾರಾಟವಾಗದೆ ಮರೆಯಾಗಿತ್ತು.

ಹಾಗಾದರೆ ಫೆಂಡರ್ ಮಾಡಿದ್ದೇನು? ಗಿಟಾರನ್ನು ಅವರು ರಿಪೇರಿಗಾರನ ಕಣ್ಣಿನಿಂದ ನೋಡಿದರು ಎಂಬುದು ಈ ಲೇಖನದ ವಾದ. ಬಿಚ್ಚಬಹುದಾದ, ಕೆಟ್ಟ ಭಾಗವನ್ನಷ್ಟೇ ಬದಲಿಸಬಹುದಾದ, ಕಾರ್ಖಾನೆಯಲ್ಲಿ ಸಾಲಾಗಿ ಜೋಡಿಸಬಹುದಾದ ವಸ್ತುವಾಗಿ ಅದನ್ನು ರೂಪಿಸಿದರು.

ಕ್ಲಾರೆನ್ಸ್ ಲಿಯೋನಿಡಾಸ್ ಫೆಂಡರ್ ಹುಟ್ಟಿದ್ದು 1909ರ ಆಗಸ್ಟ್ 10ರಂದು, ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳ ಸೀಮೆಯಲ್ಲಿ. ಬಾಲ್ಯದಲ್ಲೇ ಒಂದು ಕಣ್ಣು ಹೋಯಿತು. ಓದಿದ್ದು ಲೆಕ್ಕಪತ್ರ ಶಾಸ್ತ್ರ. ಆರ್ಥಿಕ ಕುಸಿತದ ಕಾಲದಲ್ಲಿ ಗುಮಾಸ್ತೆ ಕೆಲಸ ಕಳೆದುಕೊಂಡು, 600 ಡಾಲರ್ ಸಾಲ ಮಾಡಿ 1938ರಲ್ಲಿ ಫುಲ್ಲರ್ಟನ್ ಊರಿನಲ್ಲಿ 'ಫೆಂಡರ್ ರೇಡಿಯೊ ಸರ್ವಿಸ್' ತೆರೆದರು. ಗಿಟಾರು ನುಡಿಸಲು ಅವರಿಗೆ ಕೊನೆಯವರೆಗೂ ಬರಲಿಲ್ಲ. ಇದನ್ನು ವಿಚಿತ್ರವೆಂಬಂತೆ ಹೇಳುವುದು ರೂಢಿ. ಆದರೆ ಕೆಟ್ಟ ರೇಡಿಯೊ, ಗ್ರಾಮಫೋನು, ಸಭೆಗಳಿಗೆ ಬಾಡಿಗೆಗೆ ಕೊಡುವ ಧ್ವನಿವರ್ಧಕಗಳ ನಡುವೆಯೇ ಬೆಳೆದ ಮನುಷ್ಯನಿಗೆ ಗಿಟಾರು ಕೂಡ ವಿದ್ಯುತ್ ಸರ್ಕ್ಯೂಟಿನ ಒಂದು ತುದಿಯಾಗಿ ಕಂಡದ್ದು ಸಹಜವೇ. ಆ ಸರ್ಕ್ಯೂಟಿನ ಇನ್ನೊಂದು ತುದಿ ಆಂಪ್ಲಿಫೈಯರ್.

ರಿಕನ್‌ಬ್ಯಾಕರ್ ಕಂಪನಿಯಲ್ಲಿ ಕೆಲಸ ಮಾಡಿದ್ದ ಡಾಕ್ ಕಾಫ್‌ಮನ್ ಜೊತೆ ಸೇರಿ ಫೆಂಡರ್ ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ 'ಕೆ ಆಂಡ್ ಎಫ್' ಸಂಸ್ಥೆ ಕಟ್ಟಿದರು. ಹವಾಯಿಯನ್ ಗಿಟಾರೂ ಪುಟ್ಟ ಆಂಪ್ಲಿಫೈಯರೂ ಒಟ್ಟಿಗೆ ಮಾರಾಟವಾಗುತ್ತಿದ್ದವು. ಸಾಲದ ಭಯದಿಂದ ಕಾಫ್‌ಮನ್ 1946ರಲ್ಲಿ ಹೊರನಡೆದ ಮೇಲೆ ಫೆಂಡರ್ ತಮ್ಮದೇ ಹೆಸರಿನಲ್ಲಿ ಮುಂದುವರಿದರು. 1948ರಲ್ಲಿ ಜಾರ್ಜ್ ಫುಲ್ಲರ್ಟನ್ ಬಂದು ಸೇರಿದರು. ಮಾರಾಟದ ಹೊಣೆ ಡಾನ್ ರ್‍ಯಾಂಡಲ್ ಅವರದಾಯಿತು.

ಆ ಕಾಲದ ಪೊಳ್ಳು ಒಡಲಿನ ಗಿಟಾರುಗಳಿಗೆ ಪಿಕಪ್ ಹಚ್ಚಿ ದನಿ ಏರಿಸಿದರೆ, ಸ್ಪೀಕರಿನ ಸದ್ದು ಒಡಲನ್ನೇ ನಡುಗಿಸಿ ಕರ್ಕಶವಾಗಿ ಕಿರುಚುತ್ತಿತ್ತು. ಫೆಂಡರ್ ಒಡಲನ್ನು ಮರದ ಹಲಗೆಯಿಂದಲೇ ಕತ್ತರಿಸಿದರು. 1950ರ ವಸಂತದಲ್ಲಿ 'ಎಸ್ಕ್ವೈರ್', ಅದೇ ವರ್ಷ ಎರಡು ಪಿಕಪ್ಪಿನ 'ಬ್ರಾಡ್‌ಕಾಸ್ಟರ್' ಹೊರಬಂದವು. ಗಿಬ್ಸನ್‌ನಂಥ ಹಳೆಯ ಕಂಪನಿಗಳಲ್ಲಿ ನುರಿತ ಬಡಗಿಗಳು ನೆಕ್ಕನ್ನು, ಅಂದರೆ ಗಿಟಾರಿನ ಉದ್ದನೆಯ ಕತ್ತನ್ನು, ಒಡಲಿಗೆ ಅಂಟಿಸುತ್ತಿದ್ದರು. ಇಲ್ಲಿ ಅದಕ್ಕೆ ನಾಲ್ಕು ಸ್ಕ್ರೂಗಳೇ ಸಾಕಾದವು. ನೆಕ್ಕಿನ ಮೇಲಿನ ಲೋಹದ ಮೆಟ್ಟಿಲು (ಫ್ರೆಟ್) ಸವೆದರೆ, ನೆಕ್ ಬಾಗಿದರೆ, ಅದನ್ನು ಬಿಚ್ಚಿ ಇನ್ನೊಂದನ್ನು ಹಾಕಬಹುದು. ನನ್ನ ದೃಷ್ಟಿಯಲ್ಲಿ ಈ ಕಂಪನಿಯ ದೊಡ್ಡ ಆಲೋಚನೆ ಈ ನಾಲ್ಕು ಸ್ಕ್ರೂಗಳೇ. ಮಿಕ್ಕದ್ದೆಲ್ಲ ಅದರ ವಿಸ್ತರಣೆ.

'ಬ್ರಾಡ್‌ಕಾಸ್ಟರ್' ಎಂಬ ಹೆಸರಿಗೊಂದು ತಕರಾರು ಬಂತು. ಗ್ರೆಚ್ ಕಂಪನಿಯ ಡ್ರಮ್ಮುಗಳಿಗೆ ಹೆಚ್ಚುಕಡಿಮೆ ಇದೇ ಹೆಸರಿತ್ತು. 1951ರ ಫೆಬ್ರವರಿಯಲ್ಲಿ ಆಕ್ಷೇಪ ಬಂದಾಗ ಫೆಂಡರ್‌ನವರು ಅಂಟುಚೀಟಿಯ ಆ ಭಾಗವನ್ನು ಕತ್ತರಿಸಿ, ಕಂಪನಿಯ ಹೆಸರಷ್ಟನ್ನೇ ಉಳಿಸಿ ಗಿಟಾರುಗಳನ್ನು ಕಳಿಸಿದರು. ಆ ಕೆಲವು ತಿಂಗಳ ಹೆಸರಿಲ್ಲದ ವಾದ್ಯಗಳಿಗೆ ಇಂದು ಸಂಗ್ರಾಹಕರು ಭಾರಿ ಬೆಲೆ ಕೊಡುತ್ತಾರೆ. ಟೆಲಿವಿಷನ್ ಮನೆಮನೆಗೂ ಬರುತ್ತಿದ್ದ ಹೊತ್ತಿನಲ್ಲಿ ರ್‍ಯಾಂಡಲ್ ಇಟ್ಟ ಹೊಸ ಹೆಸರು 'ಟೆಲಿಕಾಸ್ಟರ್'.

ಅದೇ 1951ರಲ್ಲಿ 'ಪ್ರಿಸಿಷನ್ ಬಾಸ್' ಬಂತು. ಆಳೆತ್ತರದ ಡಬಲ್ ಬಾಸನ್ನು ಊರಿಂದೂರಿಗೆ ಹೊತ್ತೊಯ್ಯುವುದೇ ಕಷ್ಟವಾಗಿತ್ತು. ಅಷ್ಟು ಹೊತ್ತು ತಂದರೂ ವಾದ್ಯವೃಂದದ ಅಬ್ಬರದಲ್ಲಿ ಅದು ಯಾರಿಗೂ ಕೇಳಿಸುತ್ತಿರಲಿಲ್ಲ. ಮೆಟ್ಟಿಲುಗಳಿದ್ದ ಹೊಸ ವಾದ್ಯದಲ್ಲಿ ಸ್ವರ ತಪ್ಪುವ ಭಯವಿರಲಿಲ್ಲ. ಗಿಟಾರು ಬಲ್ಲವರೇ ಬಾಸನ್ನೂ ನುಡಿಸಬಹುದಾಗಿತ್ತು. ಟಟ್‌ಮಾರ್ಕ್ ಅವರ ಪ್ರಯತ್ನ ಸೋತದ್ದು, ಇದು ಗೆದ್ದದ್ದು ಏಕೆಂದರೆ ಫೆಂಡರ್ ಬಳಿ ಅದಕ್ಕೆ ತಕ್ಕ ಆಂಪ್ಲಿಫೈಯರ್ ತಯಾರಿಸುವ ಕಾರ್ಖಾನೆಯೂ ಅಂಗಡಿಗಳ ಜಾಲವೂ ಇದ್ದವು. 1952ರಲ್ಲಿ 'ಬಾಸ್‌ಮನ್' ಆಂಪ್ಲಿಫೈಯರ್ ಹೊರಬಂತು.

1954ರ 'ಸ್ಟ್ರಾಟೋಕಾಸ್ಟರ್' ಸಂಗೀತಗಾರರ ದೂರುಗಳಿಂದ ರೂಪುಗೊಂಡ ವಾದ್ಯ. ಟೆಲಿಕಾಸ್ಟರಿನ ಚೂಪು ಅಂಚು ಪಕ್ಕೆಲುಬಿಗೆ ಒತ್ತುತ್ತದೆ ಎಂದು ರೆಕ್ಸ್ ಗ್ಯಾಲಿಯನ್ ಗೊಣಗಿದರು; ಬಿಲ್ ಕಾರ್ಸನ್ ತಮ್ಮ ಬೇಡಿಕೆಗಳ ಪಟ್ಟಿಯನ್ನೇ ಕೊಟ್ಟರು. ಸ್ವತಃ ಹವಾಯಿಯನ್ ಗಿಟಾರ್ ವಾದಕರಾಗಿದ್ದ ಫ್ರೆಡಿ ಟವಾರೆಸ್ ನಕ್ಷೆ ಬರೆದರು. ಮೂರು ಪಿಕಪ್ಪು, ಮೈಗೆ ಒಗ್ಗುವಂತೆ ಕೆತ್ತಿದ ಒಡಲು, ಸ್ವರವನ್ನು ಅಲುಗಿಸುವ ಸ್ಪ್ರಿಂಗು-ಸನ್ನೆ, ಬೆಲೆ 249.50 ಡಾಲರ್. ಮುಂದೆ ಕೆಂಪು, ನೀಲಿ ಬಣ್ಣಗಳು ಬಂದಾಗ ಡುಪಾಂಟ್ ಕಂಪನಿಯ ಕಾರಿನ ಪೇಂಟನ್ನೇ ಬಳಸಿದರು. ಪಿಕಪ್ಪಿಗೆ ಕೂದಲೆಳೆಯಂಥ ತಂತಿಯನ್ನು ಸುತ್ತುತ್ತಿದ್ದವರಲ್ಲಿ ಆ ಭಾಗದ ಮೆಕ್ಸಿಕನ್ ಮೂಲದ ಹೆಣ್ಣುಮಕ್ಕಳು ಬಹಳ ಮಂದಿ. ನಾಯಕಪ್ರಧಾನ ಇತಿಹಾಸ ಇವರನ್ನು ತೀರ ತಡವಾಗಿ ನೆನೆಯಿತು.

ಗಿಟಾರಿನ ಹೊಳಪಿನಲ್ಲಿ ಆಂಪ್ಲಿಫೈಯರ್‌ಗಳ ಕಥೆ ಮಸುಕಾಗಿದೆ. ಇಲ್ಲಿಯೂ ಲಿಯೋ ಅವರದು ಅಂಗಡಿಯವನ ಬುದ್ಧಿ. ಪ್ರಚಲಿತ ವಾಲ್ವ್ ಸರ್ಕ್ಯೂಟುಗಳನ್ನು ಆಧಾರವಾಗಿಟ್ಟುಕೊಂಡು ಗಟ್ಟಿಯಾಗಿ ಕಟ್ಟಿದರು. ಯಾವ ವಾಲ್ವ್ ಎಲ್ಲಿ ಕೂರಬೇಕೆಂಬ ಚೀಟಿಯನ್ನು ಪೆಟ್ಟಿಗೆಯ ಒಳಗೇ ಅಂಟಿಸಿದರು. 1950ರ ದಶಕದ ಕೊನೆಯ ಬಾಸ್‌ಮನ್‌ನಲ್ಲಿ ಹತ್ತಿಂಚಿನ ನಾಲ್ಕು ಸ್ಪೀಕರುಗಳಿದ್ದವು. ಬಾಸಿಗೆಂದು ಮಾಡಿದ ಇದನ್ನು ಗಿಟಾರ್ ವಾದಕರು ತಮ್ಮದಾಗಿಸಿಕೊಂಡರು, ದನಿ ಏರಿಸಿದಾಗ ವಾಲ್ವುಗಳು ಒಡೆದಂತೆ ಗುರುಗುಟ್ಟುವ ಆ ನಾದಕ್ಕಾಗಿ. ಪಶ್ಚಿಮ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ ಮತ್ತು ಸಂಗಡಿಗರು 1962ರ ಸುಮಾರಿಗೆ ಬ್ರಿಟನ್ನಿನಲ್ಲಿ ಸಿಗುವ ಬಿಡಿಭಾಗಗಳಿಂದ ಇದನ್ನೇ ಹೆಚ್ಚುಕಡಿಮೆ ಯಥಾವತ್ತಾಗಿ ಕಟ್ಟಿದರು. ಅಮೆರಿಕದ ಸರಕು ಆಮದಾಗಿ ಬಂದರೆ ದುಬಾರಿ ಎಂಬುದೇ ಕಾರಣ. ಬ್ರಿಟಿಷ್ ರಾಕ್‌ನ ಗುಡುಗು ಹೀಗೆ ಕ್ಯಾಲಿಫೋರ್ನಿಯಾದ ಸರ್ಕ್ಯೂಟಿನಿಂದಲೇ ಹೊರಟಿತು.

1965ರ ಜನವರಿಯಲ್ಲಿ, ಕಾಯಿಲೆಯಿಂದ ಬಳಲಿ ಬದುಕುವ ಭರವಸೆಯನ್ನೇ ಕಳೆದುಕೊಂಡಿದ್ದ ಲಿಯೋ, ಕಂಪನಿಯನ್ನು ಸಿಬಿಎಸ್ ಪ್ರಸಾರ ಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದರು. ಅಲ್ಲಿಂದ ಎಲ್ಲವೂ ಕೆಟ್ಟಿತು ಎಂಬುದು ಸಂಗ್ರಾಹಕರ ನಂಬಿಕೆ. ಅರ್ಧ ನಿಜ. 1966ರಲ್ಲಿ ತಂದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳು ಸೋತವು. ಅವನ್ನು ಒಪ್ಪದ ಕಾರ್ಖಾನೆಯ ಮುಖ್ಯಸ್ಥ ಫಾರೆಸ್ಟ್ ವೈಟ್ ಕೆಲಸವನ್ನೇ ಬಿಟ್ಟರು. 1970ರ ದಶಕದಲ್ಲಿ ಸ್ಟ್ರಾಟೋಕಾಸ್ಟರಿನ ನಾಲ್ಕು ಸ್ಕ್ರೂಗಳು ಮೂರಾದವು. ಆದರೆ 1969ರ ವುಡ್‌ಸ್ಟಾಕ್ ಉತ್ಸವದಲ್ಲಿ ಜಿಮಿ ಹೆಂಡ್ರಿಕ್ಸ್ ಕೈಯಲ್ಲಿದ್ದದ್ದು ಸಿಬಿಎಸ್ ಕಾಲದ ಗಿಟಾರೇ. ಕಂಪನಿಯ ಹಿನ್ನಡೆಗೆ ಗುಣಮಟ್ಟದ ದೂರಿಗಿಂತ ಗಟ್ಟಿಯಾದ ಕಾರಣ ಜಪಾನಿನ ಪೈಪೋಟಿ. ಅಲ್ಲಿನ ನಕಲುಗಳು ಅಗ್ಗವೂ ಉತ್ತಮವೂ ಆದಾಗ ಕಂಪನಿ 1982ರಲ್ಲಿ ಜಪಾನಿನಲ್ಲೇ ಉತ್ಪಾದನೆ ಶುರುಮಾಡಿತು. 1985ರಲ್ಲಿ ಬಿಲ್ ಶುಲ್ಟ್ಸ್ ನೇತೃತ್ವದ ಉದ್ಯೋಗಿಗಳು ಕಂಪನಿಯನ್ನು ಕೊಂಡಾಗ ಫುಲ್ಲರ್ಟನ್ ಕಾರ್ಖಾನೆ ಆ ವ್ಯವಹಾರದಲ್ಲಿ ಸೇರಿರಲಿಲ್ಲ. ಕೊರೋನಾ ಎಂಬ ಊರಿನಲ್ಲಿ ಹೊಸದನ್ನು ಕಟ್ಟಬೇಕಾಯಿತು. ಗುಣವಾಗಿ ಎದ್ದ ಲಿಯೋ ಬೇರೆ ಕಂಪನಿಗಳಲ್ಲಿ ಗಿಟಾರು ರೂಪಿಸುತ್ತಲೇ 1991ರಲ್ಲಿ ತೀರಿಕೊಂಡರು.

ನಮ್ಮ ಸೀಮೆಗೂ ಈ ಚರಿತ್ರೆಗೂ ಒಂದು ಕೊಂಡಿಯಿದೆ. 1959ರ ಹೊತ್ತಿಗೆ ಫೆಂಡರ್ ನೆಕ್ಕಿನ ಮೇಲ್ಹಲಗೆಗೆ ಬ್ರೆಜಿಲ್‌ನ ರೋಸ್‌ವುಡ್ ಬಳಸತೊಡಗಿತ್ತು. 1960ರ ದಶಕದ ನಡುವಿನಲ್ಲಿ ಅದರ ಜಾಗಕ್ಕೆ ಭಾರತದ ರೋಸ್‌ವುಡ್ ಬಂತು. ಮಲೆನಾಡು, ಕೊಡಗಿನವರು ಬೀಟೆ ಎನ್ನುವ ಮರವೇ ಅದು. 2017ರಲ್ಲಿ ಬೀಟೆಯ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಬಂದಾಗ, ಮೆಕ್ಸಿಕೋದಲ್ಲಿ ತಯಾರಾಗುವ ತನ್ನ ಗಿಟಾರುಗಳಿಗೆ ಫೆಂಡರ್ ಬೇರೆ ಮರ ಹುಡುಕಿತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು.

2009ರಲ್ಲಿ ಲಿಯೋ ಫೆಂಡರ್ ಅವರಿಗೆ ಮರಣೋತ್ತರವಾಗಿ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿ ಸಂದಿತು. ಅದೇ ವರ್ಷದ ಮಾರ್ಚ್‌ನಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಮೇಲ್ಮನವಿ ಮಂಡಳಿ, ಸ್ಟ್ರಾಟೋಕಾಸ್ಟರ್, ಟೆಲಿಕಾಸ್ಟರ್ ಮತ್ತು ಪ್ರಿಸಿಷನ್ ಬಾಸ್‌ಗಳ ಒಡಲಿನ ಆಕಾರದ ಮೇಲೆ ಕಂಪನಿಗೆ ಟ್ರೇಡ್‌ಮಾರ್ಕ್ ಹಕ್ಕು ಕೊಡಲು ನಿರಾಕರಿಸಿತು. ದಶಕಗಳಿಂದ ಎಷ್ಟೋ ತಯಾರಕರು ಅದೇ ಆಕಾರ ಬಳಸುತ್ತ ಬಂದಿರುವುದರಿಂದ ಅದು ಯಾರೊಬ್ಬರ ಗುರುತೂ ಅಲ್ಲ ಎಂಬುದು ತೀರ್ಪಿನ ಸಾರ.