ಹೆಲ್ಸಿಂಕಿಯಿಂದ ಟೋಕಿಯೊಗೆ ಎಷ್ಟು ದೂರ?

ಶಾಲೆಯ ಗೋಡೆಗೆ ತೂಗುಹಾಕಿದ ಭೂಪಟವನ್ನು ನಂಬಿದರೆ ಫಿನ್ಲೆಂಡಿನಿಂದ ಜಪಾನಿಗೆ ಹೊರಟವರು ಪೂರ್ವಕ್ಕೆ, ತುಸು ಕೆಳಮುಖವಾಗಿ ಹಾರಬೇಕು. ಅದೇ ಗೋಳದ ಮೇಲೆ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡಿ. ದಾರ ಮೊದಲು ಈಶಾನ್ಯಕ್ಕೆ ಏರಿ, ಸೈಬೀರಿಯಾವನ್ನು ಹಾದು ಟೋಕಿಯೊಗೆ ಇಳಿಯುತ್ತದೆ. ಉದ್ದ ಸುಮಾರು 7,800 ಕಿಲೋಮೀಟರ್. ಜೆಟ್ ವಿಮಾನಕ್ಕೆ ಒಂಬತ್ತೂವರೆ ಗಂಟೆಯ ಹಾದಿ.

ತೊಡಕಿರುವುದು ಆ ದಾರದ ಕೆಳಗಿನ ನೆಲದಲ್ಲಿ. ಅದರ ಬಹುಪಾಲು ರಷ್ಯಾದ್ದು. ನೆಲ ಯಾರದೋ ಅದರ ಮೇಲಿನ ಆಕಾಶವೂ ಅವರದೇ ಎಂದು 1944ರ ಷಿಕಾಗೊ ಒಪ್ಪಂದವೇ ಹೇಳಿದೆ. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಒಕ್ಕೂಟ ಈ ಬಾಗಿಲನ್ನು ಹಾಕಿಕೊಂಡಿತ್ತು. 1970ರಿಂದ ಕೆಲವು ಕಂಪನಿಗಳಿಗೆ ಮಾಸ್ಕೋ ಮೂಲಕ ಹೋಗಲು ಅವಕಾಶ ಸಿಕ್ಕಿತು. ಉಳಿದವರು ಸುತ್ತಿ ಬಳಸಿ ಹೋಗಬೇಕು.

ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಸಂಸ್ಥೆ 1957ರಲ್ಲೇ ಇದಕ್ಕೊಂದು ದಾರಿ ಕಂಡುಕೊಂಡಿತ್ತು: ಕೋಪನ್‌ಹೇಗನ್‌ನಿಂದ ಉತ್ತರ ಧ್ರುವದ ಮೇಲೆ ಹಾರಿ, ಅಲಾಸ್ಕಾದ ಆಂಕರೇಜ್‌ನಲ್ಲಿ ಇಂಧನ ತುಂಬಿಸಿಕೊಂಡು ಟೋಕಿಯೊಗೆ. ಧ್ರುವದ ಬಳಿ ಸಾಮಾನ್ಯ ದಿಕ್ಸೂಚಿ ಕೆಲಸಕ್ಕೆ ಬಾರದು. ಧ್ರುವದ ನೆತ್ತಿಯ ಮೇಲೆ ನಿಂತವನಿಗೆ ಯಾವ ಕಡೆ ತಿರುಗಿದರೂ ದಕ್ಷಿಣವೇ ತಾನೆ! ಹಾಗಾಗಿ ರೇಖಾಂಶಗಳನ್ನು ಬದಿಗಿಟ್ಟು, ನಕ್ಷೆಯ ಮೇಲೆ ಚೌಕಳಿ ಗೆರೆ ಎಳೆದು, ಗೈರೊ ಯಂತ್ರವನ್ನು ನಂಬಿ ಹಾರುತ್ತಿದ್ದರು. ಮುಂದೆ ಆಂಕರೇಜ್ ನಿಲ್ದಾಣ ಎಷ್ಟು ಬಳಕೆಗೆ ಬಂತೆಂದರೆ, ಅಲ್ಲಿ ಸಿಗುತ್ತಿದ್ದ ಊಡಾನ್ ಶಾವಿಗೆ ಜಪಾನೀ ಪ್ರಯಾಣಿಕರಲ್ಲಿ ಮನೆಮಾತಾಯಿತು.

1983ರ ಏಪ್ರಿಲ್‌ನಲ್ಲಿ ಫಿನ್ನೇರ್ ಸಂಸ್ಥೆ ಆ ನಿಲುಗಡೆಯನ್ನೂ ಬಿಟ್ಟಿತು. ಹೆಚ್ಚಿನ ಇಂಧನ ಹೊತ್ತ ಡಿಸಿ-10 ವಿಮಾನ ಹೆಲ್ಸಿಂಕಿಯಿಂದ ಧ್ರುವ, ಬೇರಿಂಗ್ ಜಲಸಂಧಿಗಳ ಮಾರ್ಗವಾಗಿ ಎಲ್ಲೂ ಇಳಿಯದೆ ಸುಮಾರು ಹದಿಮೂರು ಗಂಟೆಯಲ್ಲಿ ಟೋಕಿಯೊ ತಲಪಿತು. ನೆರೆಮನೆಯ ಅಂಗಳ ತಪ್ಪಿಸಲು ಊರೆಲ್ಲ ಸುತ್ತಿದಂತೆ.

ಆ ಅಂಗಳಕ್ಕೆ ಕಾಲಿಟ್ಟರೆ ಏನಾಗುತ್ತದೆಂಬುದು ಅದೇ ವರ್ಷದ ಸೆಪ್ಟೆಂಬರ್ 1ರಂದು ಜಗತ್ತಿಗೆ ಗೊತ್ತಾಯಿತು. ಆಂಕರೇಜ್‌ನಿಂದ ಸೋಲ್ ನಗರಕ್ಕೆ ಹೊರಟಿದ್ದ ಕೊರಿಯನ್ ವಿಮಾನ 007 ದಾರಿ ತಪ್ಪಿ ಕಮ್ಚಟ್ಕಾ ದಾಟಿ, ಸಖಾಲಿನ್ ದ್ವೀಪದ ಬಳಿ ಸೋವಿಯತ್ ಯುದ್ಧವಿಮಾನದ ಕ್ಷಿಪಣಿಗೆ ಬಲಿಯಾಯಿತು. ಅದರಲ್ಲಿದ್ದ 269 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ವಿಮಾನದ ಸ್ವಯಂಚಾಲಕ ನಿಗದಿತ ಮಾರ್ಗ ಹಿಡಿಯದೆ ಒಂದೇ ದಿಕ್ಕಿಗೆ ಹಾರುತ್ತಿದ್ದುದನ್ನು ಚಾಲಕರು ಗಮನಿಸಿರಲಿಲ್ಲವೆಂದು 1993ರ ಅಂತರರಾಷ್ಟ್ರೀಯ ತನಿಖೆ ಹೇಳಿತು. ಅಮೆರಿಕದ ಸೇನೆಯ ಜಿಪಿಎಸ್ ವ್ಯವಸ್ಥೆಯನ್ನು ನಾಗರಿಕರಿಗೂ ಒದಗಿಸುವುದಾಗಿ ಅಧ್ಯಕ್ಷ ರೇಗನ್ ಸರಕಾರ ಸಾರಿದ್ದು ಈ ದುರಂತದ ಬೆನ್ನಿಗೇ.

ಸೋವಿಯತ್ ಒಕ್ಕೂಟ ಒಡೆದ ಮೇಲೆ ಸೈಬೀರಿಯಾದ ದಾರಿ ಸಲೀಸಾಯಿತು. ಹಾರುವುದಕ್ಕೆ ರಷ್ಯಾ ಸುಂಕ ಪಡೆಯುತ್ತಿತ್ತು, ಅಷ್ಟೆ. ಏಷ್ಯಕ್ಕೆ ಒಳದಾರಿಯಾಗಿ ಹೆಲ್ಸಿಂಕಿ ಚೆನ್ನಾಗಿಯೇ ಬಾಳಿತು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಐರೋಪ್ಯ ಒಕ್ಕೂಟ ರಷ್ಯಾದ ವಿಮಾನಗಳನ್ನು ತಡೆಯಿತು, ರಷ್ಯಾ ಅವರವನ್ನು ತಡೆಯಿತು. ಮಾರ್ಚ್‌ನಲ್ಲಿ ಫಿನ್ನೇರ್ ವಿಮಾನಗಳು ಮತ್ತೆ ಧ್ರುವದತ್ತ ಮೂತಿ ತಿರುಗಿಸಿದವು. ನಲವತ್ತು ವರ್ಷಗಳಲ್ಲಿ ಎಂಜಿನ್ನು ಸುಧಾರಿಸಿತ್ತು, ಉಪಗ್ರಹಗಳು ದಾರಿ ತೋರುತ್ತಿದ್ದವು. ಪ್ರಯಾಣಕ್ಕೆ ಹಿಡಿದದ್ದು ಮಾತ್ರ ಅದೇ ಹದಿಮೂರು ಗಂಟೆ. ಉತ್ತರ ಧ್ರುವ ದಾಟಿದ್ದಕ್ಕಾಗಿ ಪ್ರಯಾಣಿಕರ ಕೈಗೆ ಒಂದು ಪ್ರಮಾಣಪತ್ರವನ್ನೂ ಕೊಟ್ಟು ಕಳಿಸಿದರು.