ರೋಮಿನ ಒಡಹುಟ್ಟಿದವರು

ಇಂದಿನ ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ, ಸೋನ್ ಮತ್ತು ಲ್ವಾರ್ ನದಿಗಳ ನಡುವೆ, ಏಡುಯಿ ಎಂಬ ಕೆಲ್ಟಿಕ್ ಬುಡಕಟ್ಟು ಬಾಳಿತ್ತು. ಆಗ ಗಾಲ್ ಎನಿಸಿದ್ದ ಆ ನಾಡಿನವರಲ್ಲಿ ರೋಮನ್ನರಿಗೆ ‘ಸೋದರರು’ ಎನಿಸಿಕೊಂಡವರು ಇವರೇ. ಇವರ ರಾಜಧಾನಿ ಬಿಬ್ರಾಕ್ಟೆ, ಬೆಟ್ಟದ ಮೇಲಿನ ಕೋಟೆಯೂರು. ಅಲ್ಲಿ ಅಗೆದಲ್ಲೆಲ್ಲ ಇಟಲಿಯಿಂದ ದ್ರಾಕ್ಷಾರಸ ಹೊತ್ತುತಂದ ಮಣ್ಣಿನ ಜಾಡಿಗಳ ಚೂರುಗಳು ಸಿಗುತ್ತವೆ. ರೋಮಿನ ಸೈನ್ಯಕ್ಕಿಂತ ಮೊದಲೇ ಅದರ ವ್ಯಾಪಾರ ಬಂದಿತ್ತು.

ರೋಮಿನೊಂದಿಗಿನ ಈ ನಂಟಿನಿಂದ ಏಡುಯಿ ನಾಯಕರಾದ ಅಣ್ಣತಮ್ಮಂದಿರ ಮನೆಯೇ ಇಬ್ಭಾಗವಾಯಿತು.

ಅಣ್ಣ ಡಿವಿಸಿಯಾಕಸ್ ಡ್ರೂಯಿಡ್, ಅಂದರೆ ಕೆಲ್ಟಿಕ್ ಪುರೋಹಿತ ಪಂಡಿತ. ನೆರೆಯ ಸೆಕ್ವಾನಿಗಳು ಜರ್ಮನ್ ಪಡೆಗಳನ್ನು ಕರೆತಂದು ತನ್ನವರನ್ನು ಸೋಲಿಸಿದಾಗ, ರೋಮಿಗೇ ಹೋಗಿ ನೆರವು ಬೇಡಿದ. ರೋಮಿನ ವಾಗ್ಮಿ ಸಿಸೆರೊಗೂ ಅವನ ಪರಿಚಯವಿತ್ತು. ತಮ್ಮ ಡುಮ್ನೊರಿಕ್ಸ್ ಸುಂಕದ ಗುತ್ತಿಗೆಯಿಂದ ಸಿರಿವಂತನಾದವನು, ರೋಮಿನ ಕಡುವಿರೋಧಿ. ಕ್ರಿ.ಪೂ. 54ರಲ್ಲಿ ಬ್ರಿಟನ್ ದಂಡಯಾತ್ರೆಗೆ ರೋಮನ್ ಸೇನಾಪತಿ ಸೀಸರ್ ಕರೆದಾಗ ಅವನು ತಪ್ಪಿಸಿಕೊಂಡು ಹೊರಟ. ಬೆನ್ನಟ್ಟಿದ ಕುದುರೆ ಸವಾರರು ಅವನನ್ನು ಕೊಂದರು. ತಾನು ಸ್ವತಂತ್ರ ನಾಡಿನ ಸ್ವತಂತ್ರ ಮನುಷ್ಯ ಎಂದು ಕೂಗುತ್ತಲೇ ಅವನು ಸತ್ತನೆಂದು ಬರೆದಿಟ್ಟವನು ಸ್ವತಃ ಸೀಸರ್. ಶತ್ರುವಿನ ಲೇಖನಿಯೇ ಉಳಿಸಿಕೊಟ್ಟ ಈ ಮಾತು ಆ ಜನರ ಬಗ್ಗೆ ನಮಗಿರುವ ಅತ್ಯಮೂಲ್ಯ ಸಾಕ್ಷ್ಯ.

ಕ್ರಿ.ಪೂ. 52ರಲ್ಲಿ ಏಡುಯಿಗಳೂ ಗಾಲ್ ನಾಯಕ ವರ್ಸಿಂಜೆಟೊರಿಕ್ಸ್ ರೋಮಿನ ವಿರುದ್ಧ ಎಬ್ಬಿಸಿದ ದಂಗೆ ಸೇರಿದರು. ಅಲೇಸಿಯಾದಲ್ಲಿ ದಂಗೆಕೋರರು ಸೋತ ಮೇಲೆ ಸೀಸರ್ ಏಡುಯಿಗಳ ಸೆರೆಯಾಳುಗಳನ್ನು ಮರಳಿಸಿದ. ಅದು ಕರುಣೆಗಿಂತ ಹೆಚ್ಚಾಗಿ ಲೆಕ್ಕಾಚಾರ. ಚಕ್ರವರ್ತಿ ಆಗಸ್ಟಸ್‌ನ ಕಾಲದಲ್ಲಿ ಜನ ಬಿಬ್ರಾಕ್ಟೆಯ ಬೆಟ್ಟವಿಳಿದು ಆಗಸ್ಟೊಡುನಮ್ ಎಂಬ ಹೊಸ ನಗರ, ಅಂದರೆ ಇಂದಿನ ಓತಾನ್, ಸೇರಿದರು. ಕ್ರಿ.ಶ. 21ರಲ್ಲಿ ಸಾಲದ ಹೊರೆಯಿಂದ ನಲುಗಿ, ಸಾಕ್ರೋವಿರ್‌ನ ನಾಯಕತ್ವದಲ್ಲಿ ಮತ್ತೆ ಬಂಡೆದ್ದು ಸೋತರು. ಆದರೂ ಕ್ರಿ.ಶ. 48ರಲ್ಲಿ ಚಕ್ರವರ್ತಿ ಕ್ಲಾಡಿಯಸ್ ಗಾಲ್ ಗಣ್ಯರಿಗೆ ಸೆನೆಟ್ ಬಾಗಿಲು ತೆರೆಸಿದಾಗ, ಮೊದಲು ಒಳಹೋದವರು ಏಡುಯಿಗಳು. ಕ್ಲಾಡಿಯಸ್‌ನ ಆ ಭಾಷಣ ಕೆತ್ತಿದ ಕಂಚಿನ ಫಲಕ 1528ರಲ್ಲಿ ಲಿಯೋನ್ ನಗರದಲ್ಲಿ ಸಿಕ್ಕಿತು.